ಗೇಮ್ ಹಾಕಿದ ಸ್ವಲ್ಪ ಹೊತ್ತಿಗೇ ಮೆಮೊರಿ ಮುಗಿಯುತ್ತೆ, ಫೋಟೋ ಅಳಿಸಿದರೂ ಸರಿಹೋಗಲಿಲ್ಲ. ಯಾಕೆ?

ನಾಪೋಕ್ಲು_ಅಕ್ಕ
ಜುಲೈ 19, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಓದಿದವಳಲ್ಲ, ಬಳಸ್ತಾ ಬಳಸ್ತಾ ಕಲಿತವಳು. ಮನೆಗೆ ಅಂಟಿಕೊಂಡ ಹಾಗೆ ಮೂರು ರೂಮಿನ ಹೋಂಸ್ಟೇ ಇದೆ. ಬುಕಿಂಗು, ಬಿಲ್ಲು, ತೋಟದ ಆಳುಗಳ ಕೂಲಿ ಲೆಕ್ಕ ಎಲ್ಲ ಒಂದೇ ಕಂಪ್ಯೂಟರಲ್ಲಿ. ಅದರಲ್ಲೇ ನನ್ನ ಮಗ, ಎರಡನೇ ಪಿಯುಸಿ, ರಾತ್ರಿ ಊಟಕ್ಕೆ ಮುಂಚೆ ಒಂದು ಗಂಟೆ ಜಿಟಿಎ 5 ಆಡ್ತಾನೆ.

ಹದಿನೈದು ದಿನದಿಂದ ಗೇಮ್ ಶುರುವಾಗಿ ಇಪ್ಪತ್ತು ನಿಮಿಷ ಆಗೋದರೊಳಗೆ "ಮೆಮೊರಿ ಕಡಿಮೆ ಇದೆ, ಮಾಹಿತಿ ಕಳೆದುಹೋಗದಂತೆ ಪ್ರೋಗ್ರಾಂ ಮುಚ್ಚಿ" ಅನ್ನೋ ಅರ್ಥದ ಒಂದು ಚೌಕ ಬರುತ್ತೆ. ಹಿಂದೆಯೇ ಗೇಮ್ ಬಿದ್ದುಹೋಗುತ್ತೆ. ಮೊನ್ನೆ ಅದರ ಜೊತೆಗೆ ನಾನು ಸೇವ್ ಮಾಡದೆ ಬಿಟ್ಟಿದ್ದ ಜೂನ್ ತಿಂಗಳ ಲೆಕ್ಕವೂ ಹೋಯ್ತು.

ಜಾಗ ಸಾಲ್ತಿಲ್ಲ ಅಂದ್ಕೊಂಡು ಭಾನುವಾರ ಪೂರ್ತಿ ಕೂತು ಹಳೇ ಫೋಟೋ, ವಿಡಿಯೋ ಅಂತ ಸುಮಾರು 30 ಜಿಬಿ ಅಳಿಸಿದೆ. ನಮ್ಮತ್ತೆ ಇದ್ದಾಗಿನ ಹುತ್ತರಿ ಫೋಟೋಗಳೂ ಅದರಲ್ಲಿದ್ದವು. ಮನಸ್ಸಿಲ್ಲದ ಮನಸ್ಸಿನಿಂದ ಅಳಿಸಿದೆ. ಸೋಮವಾರ ಸಂಜೆ ಮತ್ತೆ ಅದೇ ಚೌಕ ಬಂತು.

ಮಗ "16 ಜಿಬಿ ಹಾಕಿಸಲೇಬೇಕಮ್ಮ" ಅಂತಾನೆ. ಹಾಕಿಸೋದಕ್ಕೆ ನನ್ನ ಅಡ್ಡಿ ಇಲ್ಲ, ಆದರೆ ಯಾಕೆ ಅಂತ ತಿಳೀದೆ ದುಡ್ಡು ಕೊಡೋಕೆ ಇಷ್ಟ ಇಲ್ಲ. ಎರಡು ವರ್ಷ ಸರಿಯಾಗಿ ನಡೆದದ್ದು ಈಗ ಯಾಕೆ ಹೀಗೆ? ಗೇಮ್ ಅಷ್ಟೊಂದು ಮೆಮೊರಿ ತಗೊಂಡು ಏನು ಮಾಡುತ್ತೆ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.


ಗೋಣಿಕೊಪ್ಪ_ರಿಪೇರಿ
ಜುಲೈ 19, ರಾತ್ರಿ 9:52

ಅಕ್ಕ, ಉಳಿದದ್ದೆಲ್ಲ ಆಮೇಲೆ. ಮೊದಲು ಡೆಸ್ಕ್‌ಟಾಪಿನಲ್ಲಿರೋ ಕಸದ ಬುಟ್ಟಿ, ರೀಸೈಕಲ್ ಬಿನ್, ಅದನ್ನ ಖಾಲಿ ಮಾಡಿದ್ದೀರಾ? ಮಾಡಿಲ್ಲ ಅಂದ್ರೆ ಮಾಡಬೇಡಿ. ತೆರೆದು ನೋಡಿ, ಫೋಟೋ ಎಲ್ಲ ಅಲ್ಲೇ ಇರಬೇಕು. ಎಲ್ಲ ಆಯ್ಕೆ ಮಾಡಿ ಬಲಗಡೆ ಬಟನ್ ಒತ್ತಿ ರೀಸ್ಟೋರ್ ಕೊಡಿ. ಎಲ್ಲಿಂದ ಅಳಿಸಿದ್ರೋ ಅದೇ ಫೋಲ್ಡರಿಗೆ ಹೋಗಿ ಕೂರುತ್ತೆ.

ಒಂದು ವೇಳೆ ಖಾಲಿ ಮಾಡಿದ್ರೆ ಆ ಡಿಸ್ಕಿಗೆ ಹೊಸದಾಗಿ ಏನೂ ಹಾಕಬೇಡಿ, ಗೇಮನ್ನೂ ತೆರೆಯಬೇಡಿ, ನನಗೆ ಹೇಳಿ.


ಕುಶಾಲನಗರ_ಮೇಷ್ಟ್ರು
ಜುಲೈ 19, ರಾತ್ರಿ 10:15

ರಿಪೇರಿಯವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಮೆಮೊರಿ ಅನ್ನೋ ಒಂದೇ ಮಾತನ್ನ ನಾವು ಎರಡು ಬೇರೆ ವಸ್ತುಗಳಿಗೆ ಬಳಸ್ತೀವಿ, ಎಡವಟ್ಟು ಅಲ್ಲೇ. ಫೋಟೋ ಇರೋದು ಡಿಸ್ಕಿನಲ್ಲಿ. ಚೌಕದಲ್ಲಿ ಬರ್ತಿರೋ ಮೆಮೊರಿ ಅಂದ್ರೆ ರ‍್ಯಾಮ್.

ನಿಮ್ಮ ಮನೆಯಲ್ಲಿ ಕಾಫಿ ಇದ್ದೇ ಇರುತ್ತೆ. ಗೋಡೌನು ಬೇರೆ, ಕಣ ಬೇರೆ. ಗೋಡೌನಲ್ಲಿ ಚೀಲದ ಮೇಲೆ ಚೀಲ ಪೇರಿಸಬಹುದು, ಕರೆಂಟ್ ಇರಲಿ ಹೋಗಲಿ ಚೀಲ ಅಲ್ಲೇ ಇರುತ್ತೆ. ಅದು ಡಿಸ್ಕ್. ಆದರೆ ಹರಡೋದು, ಕೈಯಾಡಿಸೋದು, ಆರಿಸೋದು ಎಲ್ಲ ಕಣದಲ್ಲೇ ಆಗಬೇಕು. ಕಣ ಎಷ್ಟು ಅಗಲ ಇದೆಯೋ ಅಷ್ಟೇ ಕೆಲಸ. ಗೋಡೌನಿಂದ ಹತ್ತು ಚೀಲ ಹೊರಗೆ ಹಾಕಿದರೆ ಕಣ ಒಂದು ಅಡಿಯೂ ಅಗಲ ಆಗೋದಿಲ್ಲ. ನೀವು ಫೋಟೋ ಅಳಿಸಿದ್ದರಿಂದ ಉಪಯೋಗ ಆಗದೆ ಇದ್ದದ್ದು ಇದಕ್ಕೇ.

ಗೇಮ್ ಅಷ್ಟೊಂದು ತಗೊಂಡು ಏನು ಮಾಡುತ್ತೆ ಅನ್ನೋ ಪ್ರಶ್ನೆ ಬಹಳ ಒಳ್ಳೆಯದು. ನಾಳೆ ಕ್ಲಾಸ್ ಮುಗಿಸಿ ಬಂದು ನಿಧಾನಕ್ಕೆ ಬರೀತೀನಿ.


ನಾಪೋಕ್ಲು_ಅಕ್ಕ
ಜುಲೈ 19, ರಾತ್ರಿ 10:41

ಬುಟ್ಟಿ ಖಾಲಿ ಮಾಡಿರಲಿಲ್ಲ. ಎಲ್ಲ ವಾಪಸ್ ಬಂತು. ಅತ್ತೆ ಗದ್ದೆ ಬದುವಿನಲ್ಲಿ ಕದಿರು ಹಿಡ್ಕೊಂಡು ನಿಂತಿರೋ ಫೋಟೋ ಕಂಡಾಗ ಕಣ್ಣು ತುಂಬಿ ಬಂತು. ರಿಪೇರಿ ಅಣ್ಣ, ನಿಮಗೆ ಎಷ್ಟು ಹೇಳಿದರೂ ಸಾಲದು.


ಸೋಮವಾರಪೇಟೆ_ಚಂಕ್
ಜುಲೈ 20, ಬೆಳಿಗ್ಗೆ 7:05

ಅಕ್ಕ, ಒಂದು ರ‍್ಯಾಮ್ ಕ್ಲೀನರ್ ಹಾಕಿ ನೋಡಿ. ಬಟನ್ ಒತ್ತಿದ್ರೆ 2 ಜಿಬಿ ಖಾಲಿ ಆಗುತ್ತೆ. ನಾನು ಮೈನ್‌ಕ್ರಾಫ್ಟ್ ಆಡೋವಾಗ ಅದನ್ನೇ ಬಳಸ್ತಿದ್ದೆ.


ಮಡಿಕೇರಿ_ಟಕ್ಸ್
ಜುಲೈ 20, ಬೆಳಿಗ್ಗೆ 8:30

ಚಂಕ್, ಅದನ್ನ ಹೇಳಿಕೊಡಬೇಡಪ್ಪ. ಆ ಕ್ಲೀನರ್ ಮಾಡೋದು ಇಷ್ಟೇ: ಓಡ್ತಿರೋ ಪ್ರೋಗ್ರಾಂಗಳ ಕೈಯಲ್ಲಿರೋ ಪುಟಗಳನ್ನ, ಅಂದ್ರೆ ಮೆಮೊರಿಯ ತುಂಡುಗಳನ್ನ, ಬಲವಂತವಾಗಿ ಹೊರಗೆ ತಳ್ಳುತ್ತೆ. ಅಂಕಿ ಇಳಿಯುತ್ತೆ, ನೋಡೋಕೆ ಚೆಂದ. ಮರುಕ್ಷಣ ಗೇಮಿಗೆ ಅದೇ ಪುಟ ಬೇಕು, ಮತ್ತೆ ಹುಡುಕಿ ತರಬೇಕು, ಆಟ ತಡವರಿಸುತ್ತೆ. ಕೂಲಿಯವರು ಹರಡಿದ ಕಾಫಿಯನ್ನ ಅರ್ಧ ಗಂಟೆಗೊಮ್ಮೆ ಮತ್ತೆ ಚೀಲಕ್ಕೆ ತುಂಬಿಸಿದ ಹಾಗೆ.

ಅಕ್ಕ, ದುಡ್ಡು ಖರ್ಚು ಮಾಡೋ ಮೊದಲು ಒಂದು ಕೆಲಸ ಮಾಡೋಣ. ಗೇಮ್ ಓಡ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಪರ್ಫಾರ್ಮೆನ್ಸ್ ಅನ್ನೋ ಕಡೆ ಹೋಗಿ ಮೆಮೊರಿ ಒತ್ತಿ. ಅಲ್ಲಿರೋ ಅಂಕಿಗಳನ್ನ ಎಲ್ಲ ಬರೆದು ಇಲ್ಲಿ ಹಾಕಿ, ಒಂದೂ ಬಿಡಬೇಡಿ. ನನಗೆ ಒಂದು ಅನುಮಾನ ಇದೆ, ಅಂಕಿ ನೋಡದೆ ಹೇಳೋದಿಲ್ಲ.


ಸೋಮವಾರಪೇಟೆ_ಚಂಕ್
ಜುಲೈ 20, ಬೆಳಿಗ್ಗೆ 8:47

ಸರಿ ಟಕ್ಸ್ ಅಕ್ಕ, ಕ್ಲೀನರ್ ತೆಗೆದುಹಾಕ್ತೀನಿ. ಆದರೆ ನನ್ನ ಅನುಭವ ಒಂದು ಹೇಳ್ತೀನಿ, ನಾಪೋಕ್ಲು ಅಕ್ಕನ ಮಗನಿಗೆ ಉಪಯೋಗ ಆಗಬಹುದು.

ಮೈನ್‌ಕ್ರಾಫ್ಟಿನಲ್ಲಿ ಲೋಕವನ್ನ 16 ಬೈ 16 ಬ್ಲಾಕುಗಳ ಚಂಕ್ ಅಂತ ತುಂಡು ಮಾಡಿರ್ತಾರೆ. ಎಷ್ಟು ದೂರ ಕಾಣಬೇಕು ಅನ್ನೋದನ್ನ ನಾವೇ ಇಡಬಹುದು. 12 ಇಟ್ಟರೆ ನಾಲ್ಕೂ ಕಡೆ 12, ನಡುವೆ ನಾನು ನಿಂತದ್ದು ಒಂದು, ಅಂದ್ರೆ 25 ಗುಣಿಸು 25, ಒಟ್ಟು 625 ಚಂಕ್. ನಾನು 24 ಇಟ್ಟೆ. ಎರಡು ಪಟ್ಟು ಆಗುತ್ತೆ ಅಂದ್ಕೊಂಡಿದ್ದೆ. ಲೆಕ್ಕ ಹಾಕಿದರೆ 49 ಗುಣಿಸು 49, 2401 ಚಂಕ್! ಹತ್ತಿರ ಹತ್ತಿರ ನಾಲ್ಕು ಪಟ್ಟು. ಸಾಲದ್ದಕ್ಕೆ 2021ರ ನವೆಂಬರಲ್ಲಿ ಬಂದ 1.18 ಆವೃತ್ತಿಯಲ್ಲಿ ಲೋಕದ ಎತ್ತರವೇ 256ರಿಂದ 384ಕ್ಕೆ ಏರಿತು. ಅದಕ್ಕೇ ಹಳೇ ಕಂಪ್ಯೂಟರುಗಳು ಆ ಅಪ್‌ಡೇಟ್ ಆದ ಮೇಲೆ ಏದುಸಿರು ಬಿಟ್ಟವು.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಆ ಗೇಮಿಗೆ ಎಷ್ಟು ರ‍್ಯಾಮ್ ಕೊಡಬೇಕು ಅಂತ ನಾವೇ ಹೇಳಬಹುದು. 8 ಜಿಬಿ ಇರೋ ಲ್ಯಾಪ್‌ಟಾಪಲ್ಲಿ 6 ಜಿಬಿ ಅದಕ್ಕೇ ಬರೆದುಕೊಟ್ಟೆ. ವಿಂಡೋಸಿಗೆ ಉಸಿರಾಡೋಕೆ ಜಾಗ ಇಲ್ಲದೆ ಮೌಸ್ ಕೂಡ ಅಲ್ಲಾಡದೆ ನಿಂತುಹೋಯ್ತು. ದೂರ 12ಕ್ಕೆ ಇಳಿಸಿ, 3 ಜಿಬಿ ಕೊಟ್ಟ ಮೇಲೆ ಈಗ ಆರಾಮ.


ಕುಶಾಲನಗರ_ಮೇಷ್ಟ್ರು
ಜುಲೈ 20, ಸಂಜೆ 5:20

ಚಂಕ್ ಹಾಕಿದ ಲೆಕ್ಕ ನನಗೆ ಬಹಳ ಖುಷಿ ಕೊಟ್ಟಿತು. ದೂರ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಇದೊಂದು ಅರ್ಥ ಆದರೆ ಅರ್ಧ ವಿಷಯ ಮುಗೀತು. ಉಳಿದ ಅರ್ಧ ಚಿತ್ರಗಳದ್ದು, ಅದನ್ನ ನಾನು ಹೇಳ್ತೀನಿ.

ಗೇಮಿನಲ್ಲಿ ಕಾಣೋ ಗೋಡೆ, ರಸ್ತೆ, ಮನುಷ್ಯನ ಮುಖ, ಅಂಗಿ ಎಲ್ಲದರ ಮೇಲೂ ಒಂದು ಚಿತ್ರ ಹೊದಿಸಿರ್ತಾರೆ. ಅದಕ್ಕೆ ಟೆಕ್ಸ್ಚರ್ ಅಂತಾರೆ. ಒಳ್ಳೇ ಗುಣಮಟ್ಟದ ಟೆಕ್ಸ್ಚರ್ 4096 ಬೈ 4096 ಚುಕ್ಕಿ ಇರುತ್ತೆ. ಗುಣಿಸಿ ನೋಡಿ, ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು ಚುಕ್ಕಿ. ಕೆಂಪು, ಹಸಿರು, ನೀಲಿ, ಪಾರದರ್ಶಕತೆ, ಒಂದೊಂದಕ್ಕೆ ಒಂದು ಬೈಟ್, ಚುಕ್ಕಿಗೆ ನಾಲ್ಕು ಬೈಟ್. ಒಂದೇ ಒಂದು ಚಿತ್ರಕ್ಕೆ 64 ಎಂಬಿ. ದೂರದಿಂದ ನೋಡುವಾಗ ಬಳಸೋಕೆ ಅದೇ ಚಿತ್ರದ ಅರ್ಧ, ಕಾಲು, ಅರೆಕಾಲು ಅಳತೆಯ ಪ್ರತಿಗಳನ್ನೂ ಜೊತೆಗೇ ಇಟ್ಕೊಳ್ತಾರೆ, ಅದಕ್ಕೆ ಇನ್ನೂ ಮೂರನೇ ಒಂದು ಪಾಲು ಸೇರುತ್ತೆ. ಬಣ್ಣಕ್ಕೆ ಒಂದು ಚಿತ್ರ, ಉಬ್ಬುತಗ್ಗಿಗೆ ಒಂದು, ಹೊಳಪಿಗೆ ಒಂದು. ಒಂದು ಗೋಡೆಗೆ ಮೂರು!

ಪುಣ್ಯಕ್ಕೆ ಇವನ್ನ ಒತ್ತಿ ಚಿಕ್ಕದು ಮಾಡಿ ಇಡೋ ವಿಧಾನ ಇದೆ. ಗ್ರಾಫಿಕ್ಸ್ ಚಿಪ್ಪು ಒತ್ತಿದ ಸ್ಥಿತಿಯಲ್ಲೇ ಅದನ್ನ ಓದಬಲ್ಲದು. ಆ 64 ಎಂಬಿ 16ಕ್ಕೋ 8ಕ್ಕೋ ಇಳಿಯುತ್ತೆ. ಆದರೂ ಒಂದು ಬೀದಿಯಲ್ಲಿ ನಿಂತು ಸುತ್ತ ತಿರುಗಿದರೆ ಕಣ್ಣಿಗೆ ಬೀಳೋ ವಸ್ತು ಎಷ್ಟು ಅಂತ ಯೋಚಿಸಿ. ಟೆಕ್ಸ್ಚರ್ ಗುಣಮಟ್ಟವನ್ನ ಒಂದು ಮೆಟ್ಟಿಲು ಇಳಿಸಿ 4096ರಿಂದ 2048 ಮಾಡಿದರೆ ಅದೇ ಚಿತ್ರ ಕಾಲು ಭಾಗ ಆಗುತ್ತೆ. ಗೇಮಿನ ಸೆಟ್ಟಿಂಗಿನಲ್ಲಿ ಮೊದಲು ಕೈ ಹಾಕಬೇಕಾದ್ದು ಇದಕ್ಕೇ.

ಇದೆಲ್ಲವನ್ನೂ ರ‍್ಯಾಮಿಗೇ ಯಾಕೆ ತರಬೇಕು, ಡಿಸ್ಕಿನಿಂದ ಆಗಾಗ ಓದಿದರೆ ಆಗಲ್ವಾ ಅಂತ ಮಕ್ಕಳು ಪ್ರತಿ ವರ್ಷ ಕೇಳ್ತಾರೆ. ಹಳೇ ತಿರುಗೋ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಕೊಡುತ್ತೆ, ಅದೂ ಒಂದೇ ಸಾಲಿನಲ್ಲಿದ್ದರೆ. ತಿರುಗೋ ಭಾಗ ಇಲ್ಲದ ಸಾಟಾ ಎಸ್‌ಎಸ್‌ಡಿ ಸುಮಾರು 500. ಡಿಡಿಆರ್4 3200 ಅನ್ನೋ ಬಗೆಯ ಒಂದೇ ಒಂದು ರ‍್ಯಾಮ್ ಕಡ್ಡಿ ಲೆಕ್ಕದ ಪ್ರಕಾರ 25.6 ಜಿಬಿ, ಅಂದ್ರೆ 25,600 ಎಂಬಿ. ಸೆಕೆಂಡಿಗೆ 60 ಚಿತ್ರ ಬಿಡಿಸಬೇಕು ಅಂದ್ರೆ ಒಂದೊಂದಕ್ಕೆ ಸಿಗೋದು 17 ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಗೋಡೌನಿಗೆ ಹೋಗಿಬರೋಕೆ ಆಗೋದಿಲ್ಲ. ಆದ್ದರಿಂದ ಮುಂದೆ ಬೇಕಾಗಬಹುದಾದ್ದನ್ನೂ ಗೇಮ್ ಮೊದಲೇ ತಂದು ಹರಡಿಟ್ಟುಕೊಳ್ಳುತ್ತೆ. ಜಿಟಿಎಯಂಥ ಆಟದಲ್ಲಿ ಕಾರು ಓಡಿಸ್ತಾ ಹೋದ ಹಾಗೆ ಮುಂದಿನ ಬೀದಿ ಒಳಗೆ ಬರ್ತಾ, ಹಿಂದಿನ ಬೀದಿ ಹೊರಗೆ ಹೋಗ್ತಾ ಇರುತ್ತೆ. ನೀವು ಹೇಳಿದ ಇಪ್ಪತ್ತು ನಿಮಿಷಕ್ಕೂ ಇದಕ್ಕೂ ಸಂಬಂಧ ಇದೆ. ಊರು ಸುತ್ತಿದಷ್ಟೂ ಒಳಗೆ ತುಂಬಿಕೊಳ್ಳೋದು ಜಾಸ್ತಿ.

ಇನ್ನೊಂದು ವಿಷಯ ಹೇಳದೆ ಇರೋಕೆ ಆಗ್ತಿಲ್ಲ. ಇದೇ ಜಿಟಿಎ 5 2013ರ ಸೆಪ್ಟೆಂಬರಲ್ಲಿ ಮೊದಲು ಬಂದದ್ದು ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಅನ್ನೋ ಗೇಮ್ ಯಂತ್ರಗಳಿಗೆ. ಪ್ಲೇಸ್ಟೇಷನ್ 3ರಲ್ಲಿ ಇದ್ದ ರ‍್ಯಾಮ್ 256 ಎಂಬಿ, ಚಿತ್ರಕ್ಕೆ ಇನ್ನೊಂದು 256 ಎಂಬಿ. ಒಟ್ಟು ಅರ್ಧ ಜಿಬಿಯಲ್ಲಿ ಇಡೀ ಊರನ್ನ ಓಡಿಸಿದರು! ಚಿತ್ರಗಳು ಚಿಕ್ಕವು, ದೂರ ಕಾಣ್ತಿರಲಿಲ್ಲ, ರಸ್ತೆಯಲ್ಲಿ ಕಾರು ಕಡಿಮೆ. ಅಷ್ಟು ಬಿಗಿಯಾಗಿ ಲೆಕ್ಕ ಹಾಕಿ ಕೂರಿಸಿದ ಎಂಜಿನಿಯರುಗಳ ಬಗ್ಗೆ ನನಗೆ ತುಂಬ ಗೌರವ. 2015ರಲ್ಲಿ ಕಂಪ್ಯೂಟರಿಗೆ ಬಂದಾಗ ಕನಿಷ್ಠ 4 ಜಿಬಿ, ಶಿಫಾರಸು 8 ಅಂತ ಹೇಳಿದರು. 2025ರ ಮಾರ್ಚಲ್ಲಿ ಬಂದ ಎನ್‌ಹ್ಯಾನ್ಸ್ಡ್ ಆವೃತ್ತಿಗೆ ಕನಿಷ್ಠ 8, ಶಿಫಾರಸು 16. ಊರು ಅದೇ. ಮೈಮೇಲಿನ ಬಟ್ಟೆ ದೊಡ್ಡದಾಗ್ತಾ ಹೋಯ್ತು.


ನಾಪೋಕ್ಲು_ಅಕ್ಕ
ಜುಲೈ 20, ರಾತ್ರಿ 8:55

ಮೇಷ್ಟ್ರೇ, ಮಗನೂ ಪಕ್ಕದಲ್ಲಿ ಕೂತು ಓದಿದ. ಈ ಲೆಕ್ಕ ನಮಗೆ ಕಾಲೇಜಲ್ಲಿ ಯಾರೂ ಹೀಗೆ ಹೇಳಲಿಲ್ಲ ಅಂದ.

ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ, ಲೈನ್ ಮೇಲೆ ಸಿಲ್ವರ್ ಮರ ಬಿದ್ದಿತ್ತು. ಈಗ ಬಂತು. ಟಕ್ಸ್ ಅವರು ಕೇಳಿದ ಅಂಕಿಗಳು, ಗೇಮ್ ಹದಿನೈದು ನಿಮಿಷ ಓಡಿದ ಮೇಲೆ:

ಮೇಲೆ 8.0 ಜಿಬಿ ಅಂತ ಇದೆ. ಇನ್ ಯೂಸ್ 4.9. ಅವೈಲಬಲ್ 1.0. ಕಮಿಟೆಡ್ 5.8 ಓರೆಗೆರೆ 5.9. ಹಾರ್ಡ್‌ವೇರ್ ರಿಸರ್ವ್ಡ್ 2.1. ಸ್ಲಾಟ್ಸ್ ಯೂಸ್ಡ್ 1 ಆಫ್ 2.

ನನಗೆ ಅರ್ಥ ಆಗದ ಮಾತು ಒಂದೇ. ಇನ್ನೂ 1 ಜಿಬಿ ಖಾಲಿ ಇದೆ ಅಂತ ಅದೇ ಹೇಳ್ತಿದೆ. ಖಾಲಿ ಇರುವಾಗ ಇಲ್ಲ ಅಂತ ಚೌಕ ಯಾಕೆ ಬರುತ್ತೆ?


ಮಡಿಕೇರಿ_ಟಕ್ಸ್
ಜುಲೈ 20, ರಾತ್ರಿ 9:20

ನನ್ನ ಅನುಮಾನ ಇದೇ ಆಗಿತ್ತು! ಕಮಿಟೆಡ್ ಪಕ್ಕದ ಎರಡನೇ ಅಂಕಿ ನೋಡಿ, 5.9. ಸಾಮಾನ್ಯವಾಗಿ ಅದು ರ‍್ಯಾಮಿಗಿಂತ ದೊಡ್ಡದಿರುತ್ತೆ. ನಿಮ್ಮದರಲ್ಲಿ ರ‍್ಯಾಮಿನಷ್ಟೇ ಇದೆ. ಪೇಜ್ ಫೈಲನ್ನ ಯಾರೋ ತೆಗೆದಿದ್ದಾರೆ.

ನಿಮ್ಮ ಹೋಂಸ್ಟೇ ಲೆಕ್ಕದಲ್ಲೇ ಹೇಳ್ತೀನಿ ಅಕ್ಕ. ಮೂರು ರೂಮು. ಶನಿವಾರಕ್ಕೆ ಮೂರೂ ಬುಕ್ ಆಗಿದೆ, ಮುಂಗಡ ಬಂದಿದೆ. ಒಬ್ಬರು ರಾತ್ರಿ ಹತ್ತಕ್ಕೆ ಬರ್ತೀವಿ ಅಂದಿದ್ದಾರೆ. ಸಂಜೆ ಆರಕ್ಕೆ ಇನ್ನೊಂದು ಕುಟುಂಬ ಬಂದು ರೂಮ್ ಕೇಳಿದರೆ? ಕಣ್ಣೆದುರಿಗೆ ರೂಮ್ ಖಾಲಿ ಇದೆ, ಆದರೂ ಕೊಡೋಕೆ ಆಗಲ್ಲ. ಮಾತು ಕೊಟ್ಟಾಗಿದೆ.

ಇನ್ ಯೂಸ್ ಅಂದ್ರೆ ಬಂದು ಇಳಿದಿರೋರು. ಕಮಿಟೆಡ್ ಅಂದ್ರೆ ಮಾತು ಕೊಟ್ಟದ್ದು. ಗೇಮ್‌ಗಳು ಮೊದಲೇ ದೊಡ್ಡ ಪಾಲು ಕೇಳಿ ಇಟ್ಕೊಳ್ತವೆ, ಎಲ್ಲವನ್ನೂ ಕೂಡಲೇ ಮುಟ್ಟೋದಿಲ್ಲ. ವಿಂಡೋಸ್ ತನ್ನ ಕೈಯಲ್ಲಿರೋದಕ್ಕಿಂತ ಹೆಚ್ಚು ಮಾತು ಕೊಡೋದಿಲ್ಲ, ಅದರ ಕಟ್ಟುನಿಟ್ಟು ಅದು. ಕೈಯಲ್ಲಿರೋದು ಅಂದ್ರೆ ರ‍್ಯಾಮ್ ಮತ್ತು ಡಿಸ್ಕಿನಲ್ಲಿರೋ ಪೇಜ್ ಫೈಲ್, ಎರಡೂ ಸೇರಿ. ಪೇಜ್ ಫೈಲ್ ಅಂದ್ರೆ, ಜನ ಹೆಚ್ಚಾದರೆ ಪಕ್ಕದ ಮನೆಯಲ್ಲಿ ಎರಡು ರೂಮ್ ಕೊಡ್ತೀವಿ ಅಂತ ನೀವು ಮಾಡಿಕೊಂಡ ಏರ್ಪಾಡು. ಅಲ್ಲಿಗೆ ಯಾರೂ ಹೋಗದೆ ಇರಬಹುದು, ಆದರೆ ಆ ಏರ್ಪಾಡು ಇದೆ ಅನ್ನೋ ಧೈರ್ಯದ ಮೇಲೆ ಬುಕಿಂಗ್ ತಗೊಳ್ತೀರಿ. ಆ ಏರ್ಪಾಡು ರದ್ದಾದ ಕಾರಣ ನಿಮ್ಮ ಕಂಪ್ಯೂಟರ್ 5.9ಕ್ಕೆ ಕೈ ಎತ್ತುತ್ತಿದೆ.

ಮಗನನ್ನ ಕೇಳಿ, ಹದಿನೈದು ದಿನದ ಹಿಂದೆ ಏನಾದರೂ ಬದಲಾಯಿಸಿದ್ನಾ ಅಂತ. ಬೈಯಬೇಡಿ, ಎಷ್ಟೋ ಜನ ಮಾಡೋ ಕೆಲಸ ಅದು.


ನಾಪೋಕ್ಲು_ಅಕ್ಕ
ಜುಲೈ 20, ರಾತ್ರಿ 9:48

ನಮಸ್ತೆ ಅಕ್ಕ, ನಾನು ಮಗ ಬರೀತಿರೋದು, ಅಮ್ಮನ ಐಡಿಯಿಂದ. ಹೌದು, ನಾನೇ ತೆಗೆದೆ. ಒಂದು ವಿಡಿಯೋದಲ್ಲಿ ಪೇಜ್ ಫೈಲ್ ಇದ್ದರೆ ಎಸ್‌ಎಸ್‌ಡಿ ಸವೆಯುತ್ತೆ, ತೆಗೆದರೆ ಗೇಮ್ ಫಾಸ್ಟ್ ಆಗುತ್ತೆ ಅಂದಿದ್ರು. ನೋ ಪೇಜಿಂಗ್ ಫೈಲ್ ಅಂತ ಒತ್ತಿ ರೀಸ್ಟಾರ್ಟ್ ಮಾಡಿದೆ. ಒಂದೆರಡು ದಿನ ಫಾಸ್ಟ್ ಆಯ್ತು ಅಂತಲೇ ಅನ್ನಿಸಿತು. ಚೌಕ ಬರೋಕೆ ಅದೇ ಕಾರಣ ಅಂತ ಹೊಳೆಯಲಿಲ್ಲ. ಅಮ್ಮನ ಲೆಕ್ಕ ಹೋಗಿದ್ದು ನನ್ನಿಂದ. ನಾಳೆ ಕೂತು ಚೀಟಿ ನೋಡಿ ಜೂನ್ ತಿಂಗಳದ್ದು ನಾನೇ ಮತ್ತೆ ಟೈಪ್ ಮಾಡಿಕೊಡ್ತೀನಿ.

ವಾಪಸ್ ಹೇಗೆ ಹಾಕೋದು?


ಮಡಿಕೇರಿ_ಟಕ್ಸ್
ಜುಲೈ 20, ರಾತ್ರಿ 9:59

ಒಪ್ಪಿಕೊಂಡಿದ್ದಕ್ಕೆ ಸಂತೋಷ ತಮ್ಮಾ. ಸಿಸ್ಟಮ್ ಪ್ರಾಪರ್ಟೀಸ್ ಒಳಗೆ ಅಡ್ವಾನ್ಸ್ಡ್, ಅಲ್ಲಿ ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್, ಮತ್ತೆ ಅಡ್ವಾನ್ಸ್ಡ್, ಕೆಳಗೆ ವರ್ಚುವಲ್ ಮೆಮೊರಿ. ಮೇಲ್ಗಡೆ ಎಲ್ಲ ಡ್ರೈವಿಗೂ ತಾನಾಗಿ ನೋಡಿಕೊಳ್ಳಲಿ ಅನ್ನೋ ಚೌಕಕ್ಕೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡು. ವಿಂಡೋಸ್ ಇರೋ ಎಸ್‌ಎಸ್‌ಡಿಯಲ್ಲೇ ಪೇಜ್ ಫೈಲ್ ಇರಲಿ, ಹಾರ್ಡ್ ಡಿಸ್ಕಿಗೆ ಹಾಕಬೇಡ. ಮನೆ ಬಳಕೆಯಲ್ಲಿ ಎಸ್‌ಎಸ್‌ಡಿ ಸವೆಯುತ್ತೆ ಅನ್ನೋ ಭಯಕ್ಕೆ ಅದನ್ನ ತೆಗೆಯೋ ಅಗತ್ಯ ಇಲ್ಲ.

ಇನ್ನೊಂದು ಮಾತು. ಖಾಲಿ ಬಿದ್ದಿರೋ ರ‍್ಯಾಮ್ ಅಂದ್ರೆ ಉಪಯೋಗಕ್ಕೆ ಬಾರದೆ ಬಿದ್ದಿರೋ ರ‍್ಯಾಮ್. ವಿಂಡೋಸಾಗಲಿ ನಾನು ಬಳಸೋ ಲಿನಕ್ಸಾಗಲಿ, ಬಿಡುವಿರೋ ಜಾಗದಲ್ಲಿ ಡಿಸ್ಕಿನಿಂದ ಓದಿದ ಫೈಲುಗಳನ್ನ ಇಟ್ಟುಕೊಂಡಿರುತ್ತೆ (ಇದಕ್ಕೆ ಕ್ಯಾಶ್ ಅಂತಾರೆ), ಯಾರಾದರೂ ಕೇಳಿದರೆ ತಕ್ಷಣ ಬಿಟ್ಟುಕೊಡುತ್ತೆ. ಆದ್ದರಿಂದ ಮೆಮೊರಿ ಶೇಕಡಾ 80 ತುಂಬಿದೆ ಅಂದ ಮಾತ್ರಕ್ಕೆ ಹೆದರಬೇಕಾಗಿಲ್ಲ.


ಕುಶಾಲನಗರ_ಮೇಷ್ಟ್ರು
ಜುಲೈ 20, ರಾತ್ರಿ 10:10

ಟಕ್ಸ್ ಹೇಳಿದ್ದು ನಿಜ, ಆದರೆ ಆ ಕೊನೆಯ ಮಾತನ್ನ ಈ ಮನೆಯವರಿಗೆ ಈಗ ಹೇಳಬಾರದಿತ್ತು ಅಂತ ನನಗೆ ಅನ್ನಿಸುತ್ತೆ. ಅವರ 5.8ಕ್ಕೂ ನೀವು ಹೇಳೋ ಕ್ಯಾಶಿಗೂ ಸಂಬಂಧ ಇಲ್ಲ. ಕ್ಯಾಶ್ ಕೇಳಿದರೆ ಬಿಟ್ಟುಕೊಡುತ್ತೆ, ಕೊಟ್ಟ ಮಾತು ಬಿಟ್ಟುಕೊಡಲ್ಲ. ತುಂಬಿದ್ದೆಲ್ಲ ಕಾಯಿಲೆಯಲ್ಲ, ಹಾಗಂತ ತುಂಬಿದ್ದೆಲ್ಲ ಆರೋಗ್ಯವೂ ಅಲ್ಲ. ಯಾವುದು ತುಂಬಿದೆ ಅಂತ ನೋಡಬೇಕು.


ಮಡಿಕೇರಿ_ಟಕ್ಸ್
ಜುಲೈ 20, ರಾತ್ರಿ 10:14

ಒಪ್ಪಿದೆ ಸರ್. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ್ದು ತಪ್ಪಾಯ್ತು.


ಗೋಣಿಕೊಪ್ಪ_ರಿಪೇರಿ
ಜುಲೈ 21, ಬೆಳಿಗ್ಗೆ 9:30

ಒಂದು ಅಂಕಿಯನ್ನ ಯಾರೂ ಎತ್ತಲೇ ಇಲ್ಲ. ಹಾರ್ಡ್‌ವೇರ್ ರಿಸರ್ವ್ಡ್ 2.1. ಅಕ್ಕ ದುಡ್ಡು ಕೊಟ್ಟದ್ದು 8 ಜಿಬಿಗೆ, ಕೈಗೆ ಸಿಕ್ಕಿರೋದು 5.9. ಉಳಿದದ್ದು ಎಲ್ಲಿ ಹೋಯ್ತು?

ನಿಮ್ಮ ಕಂಪ್ಯೂಟರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂತ ಇದರಿಂದ ಗೊತ್ತಾಗುತ್ತೆ. ಪ್ರೊಸೆಸರ್ ಒಳಗೇ ಇರೋ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರಲ್ಲ, ರ‍್ಯಾಮಿನಿಂದಲೇ ಪಾಲು ಕೇಳುತ್ತೆ. ಬಯೋಸಿನಲ್ಲಿ, ಅಂದ್ರೆ ವಿಂಡೋಸ್ ಶುರುವಾಗೋ ಮೊದಲೇ ಓಡೋ ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲಿ, ಅದಕ್ಕೆ 2 ಜಿಬಿ ತೆಗೆದಿಟ್ಟಿದ್ದಾರೆ. ಅದನ್ನ ವಿಂಡೋಸ್ ಮುಟ್ಟೋ ಹಾಗಿಲ್ಲ, ಲೆಕ್ಕ ಬರೆಯೋವಾಗಲೂ ಅಷ್ಟೇ. ನಮ್ಮಲ್ಲಿಗೆ ಬರೋ ಎಷ್ಟೋ ಜನ ಇದನ್ನ ನೋಡಿ ರ‍್ಯಾಮ್ ಹಾಳಾಗಿದೆ ಅಂತ ಗಾಬರಿ ಬೀಳ್ತಾರೆ.

512 ಎಂಬಿಗೆ ಇಳಿಸಿ ಅಂತ ಕೆಲವರು ಹೇಳ್ತಾರೆ. ನಾನು 1 ಜಿಬಿ ಅಂತೀನಿ. ಪೂರ್ತಿ ಇಳಿಸಿದರೂ ಗ್ರಾಫಿಕ್ಸ್ ಬೇಕಾದಾಗ ಹಂಚಿಕೆಯ ಲೆಕ್ಕದಲ್ಲಿ ಮತ್ತೆ ತಗೊಳ್ಳುತ್ತೆ, ಅದು ನಿಜ. ಆದರೆ ಜಿಟಿಎ ಸೆಟ್ಟಿಂಗಿನಲ್ಲಿ ವಿಡಿಯೋ ಮೆಮೊರಿ ಎಷ್ಟಿದೆ ಅಂತ ಒಂದು ಪಟ್ಟಿ ತೋರಿಸುತ್ತಲ್ಲ, ತೀರಾ ಕಡಿಮೆ ಕಂಡರೆ ಕೆಲವು ಆಟಗಳು ಮುಖ ತಿರುಗಿಸ್ತವೆ. ಗೊತ್ತಿಲ್ಲದೆ ಬಯೋಸಲ್ಲಿ ಬೇರೆ ಏನನ್ನೂ ಮುಟ್ಟಬೇಡಿ.

ಈಗ ನಿಮ್ಮ ಮೂಲ ಪ್ರಶ್ನೆ, 16 ಬೇಕಾ? ಎರಡನೇ ಸ್ಲಾಟ್ ಖಾಲಿ ಇದೆ. ಇನ್ನೊಂದು 8 ಜಿಬಿ ಹಾಕಿದರೆ ಜಾಗ ಹೆಚ್ಚುತ್ತೆ, ಜೊತೆಗೆ ಎರಡು ಕಡ್ಡಿ ಜೋಡಿಯಾಗಿ ಕೆಲಸ ಮಾಡಿ ಮೇಷ್ಟ್ರು ಹೇಳಿದ ಸೆಕೆಂಡಿಗೆ 25.6 ಜಿಬಿ ಇದ್ದದ್ದು 51.2 ಆಗುತ್ತೆ. ಸ್ವಂತ ಮೆಮೊರಿ ಇಲ್ಲದ ಗ್ರಾಫಿಕ್ಸಿಗೆ ಇದರಷ್ಟು ಅನುಕೂಲ ಮಾಡೋದು ಬೇರೆ ಯಾವುದೂ ಇಲ್ಲ. ಹಾಗಾಗಿ ಮಗ ಕೇಳಿದ್ದು ತಪ್ಪಲ್ಲ. ಆದರೆ ಪೇಜ್ ಫೈಲ್ ಸರಿಮಾಡಿ ಒಂದು ವಾರ ನೋಡಿ, ಆಮೇಲೆ ತಗೊಳ್ಳಿ. ರ‍್ಯಾಮ್ ಬೆಲೆ ಈಚೆಗೆ ಏರಿದೆ, ಎಐ ಸರ್ವರುಗಳಿಗೆ ಚಿಪ್ಪು ಹೋಗ್ತಿರೋದು ನಮ್ಮ ಅಂಗಡಿ ಬಾಗಿಲಿಗೂ ತಟ್ಟಿದೆ. ತಗೊಳ್ಳುವಾಗ ಈಗಿರೋದು ಡಿಡಿಆರ್4 ತಾನೇ ಅಂತ ಖಚಿತ ಮಾಡ್ಕೊಳ್ಳಿ. ಡಿಡಿಆರ್3, 4, 5, ಒಂದರ ಕಚ್ಚು ಇನ್ನೊಂದಕ್ಕೆ ಕೂರಲ್ಲ.


ಬ್ರಹ್ಮಗಿರಿ_ಪೈಲಟ್
ಜುಲೈ 21, ಬೆಳಿಗ್ಗೆ 11:10

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದು ಆರು ವರ್ಷ. ವಿಮಾನ ಓಡಿಸೋ ಆಸೆ ಬಾಲ್ಯದ್ದು, ಈಗ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ತೀರಿಸ್ಕೊಳ್ತಿದ್ದೀನಿ. ಕಣ್ಣೂರಿಂದ ಹೊರಟು ಬ್ರಹ್ಮಗಿರಿ ದಾಟಿ ಮೈಸೂರಿಗೆ ಇಳಿಯೋದು ನನ್ನ ದಿನದ ರೂಢಿ. ಮೇಲಿನಿಂದ ನಮ್ಮ ಬೆಟ್ಟಗಳನ್ನ ನೋಡೋ ಸುಖವೇ ಬೇರೆ.

ನನ್ನದು 16 ಜಿಬಿ. ಮೊದಲ ಅರ್ಧ ಗಂಟೆ ನೀರು ಕುಡಿದಷ್ಟು ಸಲೀಸು. ಎರಡು ಗಂಟೆ ಹಾರಿದ ಮೇಲೆ ತಡವರಿಸುತ್ತೆ. ಇದೂ ಅದೇ ಕಾರಣವೇ?


ಕುಶಾಲನಗರ_ಮೇಷ್ಟ್ರು
ಜುಲೈ 21, ಸಂಜೆ 6:00

ಸರ್, ನಿಮ್ಮ ಆಟದ ಹೊಟ್ಟೆ ದೊಡ್ಡದು. 2020ರಲ್ಲಿ ಬಂದಾಗಲೇ ಕನಿಷ್ಠ 8, ಶಿಫಾರಸು 16, ಉತ್ತಮ ಅನುಭವಕ್ಕೆ 32 ಅಂತ ಹೇಳಿದ್ದರು. ಭೂಮಿಯ ಚಿತ್ರಗಳೇ ಎರಡು ಪೆಟಾಬೈಟಿಗೂ (ಒಂದು ಪೆಟಾಬೈಟ್ ಅಂದ್ರೆ ಹತ್ತು ಲಕ್ಷ ಜಿಬಿ) ಹೆಚ್ಚು, ಅದು ನಮ್ಮ ಕಂಪ್ಯೂಟರಲ್ಲಿ ಇರೋದೇ ಇಲ್ಲ, ಹಾರಿದ ದಾರಿಯದ್ದು ಮಾತ್ರ ಇಂಟರ್ನೆಟ್ಟಿನಿಂದ ಇಳಿಯುತ್ತೆ. ಬಂದದ್ದನ್ನ ಬಿಚ್ಚಿ ಹರಡೋಕೆ ಜಾಗ ಬೇಕು.

ಆದರೆ ಸಮಯ ಕಳೆದಂತೆ ಹೆಚ್ಚೋದು ಅಂದಾಗ ಇನ್ನೊಂದು ಅನುಮಾನವೂ ಇರಬೇಕು. ಪ್ರೋಗ್ರಾಂ ಮೆಮೊರಿ ಕೇಳಿ ಪಡೆದು, ಕೆಲಸ ಮುಗಿದ ಮೇಲೆ ವಾಪಸ್ ಕೊಡೋದು ಮರೆತರೆ ಅದಕ್ಕೆ ಮೆಮೊರಿ ಲೀಕ್ ಅಂತಾರೆ. ಕುಯ್ಲಿನ ಹೊತ್ತಲ್ಲಿ ಚೀಲ ತಗೊಂಡು ಹೋದವರು ಸಂಜೆ ಚೀಲ ತಿರುಗಿಸಿ ಕೊಡದಿದ್ದರೆ ನಾಲ್ಕನೇ ದಿನಕ್ಕೆ ಮನೆಯಲ್ಲಿ ಚೀಲವೇ ಇರಲ್ಲ, ಹಾಗೆ.

ಪತ್ತೆ ಮಾಡೋದು ಸುಲಭ. ಒಂದೇ ದಾರಿಯಲ್ಲಿ ಮೂರು ಸುತ್ತು ಹಾರಿ. ಪ್ರತಿ ಸುತ್ತು ಮುಗಿದಾಗ ಮುಖ್ಯ ಮೆನುಗೆ ಬಂದು ಕಮಿಟೆಡ್ ಅಂಕಿ ಬರೆದುಕೊಳ್ಳಿ. ಮೂರೂ ಸಲ ಹೆಚ್ಚುಕಮ್ಮಿ ಒಂದೇ ಇದ್ದರೆ ಆಟಕ್ಕೆ ಅಷ್ಟು ಬೇಕು ಅಂತ ಅರ್ಥ, 32 ಹಾಕಿಸಿ. ಸುತ್ತಿನಿಂದ ಸುತ್ತಿಗೆ ಏರ್ತಾ ಹೋಗಿ ಇಳಿಯದೇ ಇದ್ದರೆ ಲೀಕ್. ಆಗ 64 ಹಾಕಿದರೂ ಅದು ತುಂಬುತ್ತೆ, ಸ್ವಲ್ಪ ತಡವಾಗಿ. ಹೊರಗಿನಿಂದ ಹಾಕಿಕೊಂಡ ವಿಮಾನ, ವಿಮಾನ ನಿಲ್ದಾಣಗಳ ಆಡ್‌ಆನ್ ಇದ್ದರೆ ಅವನ್ನೆಲ್ಲ ತೆಗೆದು ಇನ್ನೊಮ್ಮೆ ಪರೀಕ್ಷೆ ಮಾಡಿ.


ನಾಪೋಕ್ಲು_ಅಕ್ಕ
ಜುಲೈ 27, ರಾತ್ರಿ 9:15

ಒಂದು ವಾರ ಆಯ್ತು. ಪೇಜ್ ಫೈಲ್ ವಾಪಸ್ ಹಾಕಿದ ದಿನದಿಂದ ಆ ಚೌಕ ಒಂದು ಸಲವೂ ಬಂದಿಲ್ಲ. ಗೇಮ್ ಬಿದ್ದಿಲ್ಲ. ಆದರೆ ಊರ ನಡುವೆ ಕಾರು ಜೋರಾಗಿ ಓಡಿಸಿದಾಗ ಒಂದೊಂದು ಕ್ಷಣ ನಿಂತು ನಿಂತು ಹೋಗುತ್ತಂತೆ.

ನಿನ್ನೆ ಅವನು ಮಲಗಿದ ಮೇಲೆ ನಾನೇ ಟಾಸ್ಕ್ ಮ್ಯಾನೇಜರ್ ತೆರೆದು ಯಾರು ಎಷ್ಟು ಹಿಡ್ಕೊಂಡಿದ್ದಾರೆ ಅಂತ ನೋಡಿದೆ. ಗೇಮ್ ಇರಲಿಲ್ಲ, ಆದರೂ ಬ್ರೌಸರ್ ಒಂದೇ 1.4 ಜಿಬಿ. ಬುಕಿಂಗ್ ಪುಟ, ಬ್ಯಾಂಕು, ಮಳೆ ಮುನ್ಸೂಚನೆ, ನಾನು ಬೆಳಿಗ್ಗೆ ತೆರೆದ ಹನ್ನೊಂದು ಟ್ಯಾಬು ಹಾಗೇ ಇದ್ವು. ಅವನು ಆಡುವಾಗಲೂ ಅವು ಹಿಂದೆ ಓಡ್ತಾನೇ ಇದ್ದವು ಅಂತ ಈಗ ತಿಳೀತು. ಬೇಕಾದ್ದನ್ನ ಬುಕ್‌ಮಾರ್ಕ್ ಮಾಡಿ, ಸಂಜೆ ಏಳಕ್ಕೆ ಎಲ್ಲ ಮುಚ್ಚಿಡೋದು ಅಂತ ನಮ್ಮಿಬ್ಬರಲ್ಲಿ ಮಾತಾಗಿದೆ.

8 ಜಿಬಿ ಒಂದು ಕಡ್ಡಿ ಆರ್ಡರ್ ಮಾಡಿದ್ದೀನಿ. ನಾವೇ ಹಾಕಬಹುದಾ?


ಗೋಣಿಕೊಪ್ಪ_ರಿಪೇರಿ
ಜುಲೈ 27, ರಾತ್ರಿ 9:50

ಧಾರಾಳವಾಗಿ ಹಾಕಬಹುದು ಅಕ್ಕ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಬಿಡಿ, ಒಳಗೆ ಉಳಿದಿರೋ ಕರೆಂಟ್ ಹೋಗಲಿ. ಕೈಯನ್ನ ಡಬ್ಬದ ಬಣ್ಣ ಇಲ್ಲದ ಲೋಹಕ್ಕೆ ಒಮ್ಮೆ ಮುಟ್ಟಿಸಿ. ಕಡ್ಡಿಯ ಅಂಚು ಹಿಡೀರಿ, ಚಿನ್ನದ ಬಣ್ಣದ ಹಲ್ಲುಗಳನ್ನ ಮುಟ್ಟಬೇಡಿ. ಸ್ಲಾಟಿನ ಕೊಕ್ಕೆ ಹೊರಗೆ ಬಾಗಿಸಿ, ಕಚ್ಚು ಸರಿಹೊಂದಿಸಿ, ಎರಡೂ ಹೆಬ್ಬೆರಳಿಂದ ನೇರ ಒತ್ತಿ. ಸ್ವಲ್ಪ ಬಲ ಬೇಕು. ಟಕ್ ಅಂತ ಸದ್ದಾಗಿ ಕೊಕ್ಕೆ ತಾನಾಗಿ ಮುಚ್ಚಿದರೆ ಕೂತಿತು ಅಂತ.

ಹಳೇ ಕಡ್ಡಿಯನ್ನೂ ಒಮ್ಮೆ ಹೊರಗೆ ತೆಗೀರಿ. ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಮನೆಗಳ ತೇವಕ್ಕೆ ಆ ಹಲ್ಲುಗಳ ಮೇಲೆ ಮಂಕು ಪೊರೆ ಹತ್ತುತ್ತೆ. ಮಕ್ಕಳ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರಾಗಿ ಉಜ್ಜಿ, ಪುಡಿಯನ್ನ ಒಣ ಬ್ರಷ್ಷಿನಿಂದ ಕೊಡವಿ. ಹೊಳಪು ಬರುತ್ತೆ. ಮಳೆಗಾಲದಲ್ಲಿ ಆನ್ ಆಗಲ್ಲ ಅಂತ ನನ್ನ ಹತ್ತಿರ ಬರೋ ಕಂಪ್ಯೂಟರುಗಳಲ್ಲಿ ಬಹಳಷ್ಟು ಇಷ್ಟಕ್ಕೇ ಸರಿಹೋಗ್ತವೆ.


ನಾಪೋಕ್ಲು_ಅಕ್ಕ
ಆಗಸ್ಟ್ 3, ರಾತ್ರಿ 8:30

ಇವತ್ತು ಕಕ್ಕಡ ಹದಿನೆಂಟು. ಮದ್ದುಸೊಪ್ಪಿನ ಪಾಯಸ ಮಾಡಿ, ತಿಂದು, ಮಧ್ಯಾಹ್ನ ತಾಯಿ ಮಗ ಕೂತು ಡಬ್ಬ ಬಿಚ್ಚಿದೆವು. ಹಳೇ ಕಡ್ಡಿಯ ಹಲ್ಲು ನೀವು ಹೇಳಿದ ಹಾಗೇ ಮಂಕಾಗಿತ್ತು. ಅವನು ಉಜ್ಜಿದ, ನಾನು ಟಾರ್ಚ್ ಹಿಡಿದೆ. ಹೊಸದು ಕೂರಿಸುವಾಗ ಎರಡು ಸಲ ಒತ್ತಬೇಕಾಯ್ತು, ಆಮೇಲೆ ಟಕ್ ಅಂತು. ಬಯೋಸಲ್ಲಿ ಗ್ರಾಫಿಕ್ಸಿಗೆ 1 ಜಿಬಿ ಅಂತ ಇಟ್ಟ.

ಈಗ ಗೇಮ್ ಓಡ್ತಿರುವಾಗ ಇನ್ ಯೂಸ್ 8.3, ಕಮಿಟೆಡ್ 9.6 ಓರೆಗೆರೆ 17.4. ನಿಂತು ನಿಂತು ಹೋಗೋದು ಹೋಯ್ತಂತೆ. ಒಂದು ಸಂದೇಹ ಮಾತ್ರ. ಅದೇ ಗೇಮ್, ಅದೇ ಸೆಟ್ಟಿಂಗು. ಮೊದಲು 4.9ರಲ್ಲಿ ಓಡ್ತಿತ್ತು, ಈಗ 8.3 ಯಾಕೆ ತಗೊಳ್ಳುತ್ತೆ?


ಮಡಿಕೇರಿ_ಟಕ್ಸ್
ಆಗಸ್ಟ್ 3, ರಾತ್ರಿ 8:52

ಮೊದಲು 4.9 ಸಾಕಾಗಿತ್ತು ಅಂತಲ್ಲ ಅಕ್ಕ, ಅಷ್ಟೇ ಸಿಗ್ತಿತ್ತು. ಗೇಮ್ ಹಿಂದಿನ ಬೀದಿಯನ್ನ ಬೇಗ ಬೇಗ ಹೊರಗೆ ಹಾಕಿ, ಅಲ್ಲಿಗೆ ವಾಪಸ್ ಬಂದಾಗ ಮತ್ತೆ ಡಿಸ್ಕಿನಿಂದ ತರ್ತಿತ್ತು. ನಿಂತು ನಿಂತು ಹೋಗ್ತಿದ್ದದ್ದು ಅದಕ್ಕೇ. ಬೇರೆ ಪ್ರೋಗ್ರಾಂಗಳನ್ನೂ ವಿಂಡೋಸ್ ಹಿಂಡಿ ಕೂರಿಸ್ತಿತ್ತು. ಈಗ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಕಮಿಟೆಡಲ್ಲಿ ಇನ್ನೂ 7.8 ಬಾಕಿ ಇದೆ, ಅದನ್ನ ಮಾತ್ರ ನೋಡ್ತಾ ಇರಿ.


ಬ್ರಹ್ಮಗಿರಿ_ಪೈಲಟ್
ಆಗಸ್ಟ್ 3, ರಾತ್ರಿ 9:20

ಮೇಷ್ಟ್ರೇ, ಮೂರು ಸುತ್ತು ಹಾರಿದೆ. ಮೆನುಗೆ ಬಂದಾಗ ಕಮಿಟೆಡ್ 14.1, 16.8, 19.7. ಹೊರಗಿನಿಂದ ಹಾಕಿಕೊಂಡಿದ್ದ ಒಂದು ವಿಮಾನ ತೆಗೆದು ಮತ್ತೆ ಮೂರು ಸುತ್ತು: 13.2, 13.4, 13.3. ಅದನ್ನ ಬರೆದವರಿಗೆ ಈ ಆರೂ ಅಂಕಿ ಕಳಿಸಿದ್ದೀನಿ. 32 ಜಿಬಿಯ ಆರ್ಡರ್ ರದ್ದು ಮಾಡಿದೆ.


ನಾಪೋಕ್ಲು_ಅಕ್ಕ
ಆಗಸ್ಟ್ 3, ರಾತ್ರಿ 9:34

ಪೈಲಟ್ ಅಂಕಲ್, ನಿಮ್ಮ ಅಂಕಿ ನೋಡಿ ಮಗ ಚಪ್ಪಾಳೆ ತಟ್ಟಿದ. ಅತ್ತೆಯ ಫೋಟೋಗಳನ್ನೆಲ್ಲ ಇವತ್ತು ಪೆನ್‌ಡ್ರೈವಿಗೂ ಹಾಕಿ ಬೀರುವಿನಲ್ಲಿಟ್ಟೆ.